ಹಳೇ ಹೆರಾಲ್ಡ್ ಮಲೆನಾಡಿನಲ್ಲಿ ದಿನಾ ಓಡಬೇಕೆಂದರೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮನೆಗಳ ಶೆಡ್ಡುಗಳಲ್ಲಿ ಹಳೇ ಕಾರುಗಳು ಇನ್ನೂ ಇವೆ. ಬಹಳಷ್ಟು ನಿಂತೇ ಇವೆ. ಯಾರಾದರೂ ಒಂದನ್ನು ಮತ್ತೆ ರಸ್ತೆಗೆ ಇಳಿಸಲು ಹೊರಟರೆ ಮೊದಲು ಹೋಗುವುದು ಟಿಂಕರಿಂಗ್ ಶೆಡ್ಡಿಗೆ. ಬಣ್ಣ, ಸೀಟಿಗೆ ಹೊಸ ರೆಕ್ಸಿನ್, ಬಂಪರಿಗೆ ಕ್ರೋಮ್ ಎಂದು ಕೈಯಲ್ಲಿದ್ದ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ. ಕಾರು ಮದುವೆ ಛತ್ರದ ಮುಂದೆ ಚೆಂದ ಕಾಣುತ್ತದೆ, ವಾಪಸ್ ಬರುವಾಗ ಗೇಣುದ್ದದ ಹೋಸ್ ಪೈಪ್ ಒಡೆದು ಆಲ್ದೂರಿನ ಹತ್ತಿರ ಕೈಕೊಡುತ್ತದೆ. ನನ್ನ ಲೆಕ್ಕ ಇದಕ್ಕೆ ಉಲ್ಟಾ. ಮೊದಲು ಬ್ರೇಕು, ಆಮೇಲೆ ರಬ್ಬರು, ಆಮೇಲೆ ವೈರಿಂಗು. ಬಣ್ಣ ಕೊನೆಗೆ, ಅದೂ ದುಡ್ಡು ಉಳಿದರೆ.

ಇಲ್ಲಿ ಹೇಳುವುದೆಲ್ಲ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಮುಂದಿಟ್ಟುಕೊಂಡು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ 1971ರವರೆಗೆ ಮಾಡಿದ ಕಾರು ಇದು. ಬ್ರಿಟನ್ನಿನ ಟ್ರಯಂಫ್ ಕಂಪನಿ 1959ರಲ್ಲಿ ಹೊರತಂದ ಹೆರಾಲ್ಡೇ ಇದರ ಮೂಲ. ಅದೇ ಚಾಸಿಯನ್ನು (ಕಾರಿನ ಅಡಿಯ ಚೌಕಟ್ಟು) ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಎರಡರ ಮೈಮಾಟವೂ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯ ಕೈಯದು. ಮುಂದಿನ ಸಸ್ಪೆನ್ಷನ್, ಹಿಂದಿನ ಆಕ್ಸಲ್, ಎಂಜಿನ್ನಿನ ಮನೆತನ, ಎಲ್ಲ ಒಂದೇ. ಹಾಗಾಗಿ ಸ್ಪಿಟ್‌ಫೈರ್ ಇಟ್ಟುಕೊಂಡವರಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ. ಫಿಯಟ್, ಅಂಬಾಸಿಡರ್ ಇದ್ದವರು ಸಸ್ಪೆನ್ಷನ್ ಭಾಗ ಬಿಟ್ಟು ಉಳಿದದ್ದು ಓದಿಕೊಳ್ಳಬಹುದು.

ಮೊದಲ ವಾರ: ಓಡಿಸುವ ಮುನ್ನ

ಕಾರು ಸ್ಟಾರ್ಟ್ ಆಗುತ್ತದೆ ಎಂಬ ಖುಷಿಗೆ ರಸ್ತೆಗೆ ತೆಗೆದುಕೊಂಡು ಹೋಗಬೇಡಿ. ಈ ಕಾರುಗಳಿಗೆ ಒಂದೇ ಬ್ರೇಕ್ ಲೈನು. ಈಗಿನ ಕಾರುಗಳ ಹಾಗೆ ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ ಎನ್ನುವಂತಿಲ್ಲ. ಎಲ್ಲೋ ಒಂದು ಕಡೆ ಸೋರಿದರೆ ಪೆಡಲ್ ನೇರ ನೆಲಕ್ಕೆ.

ನಾಲ್ಕೂ ಚಕ್ರ ಬಿಚ್ಚಿಸಿ, ಡ್ರಮ್ ತೆಗೆಸಿ. ವೀಲ್ ಸಿಲಿಂಡರಿನ ರಬ್ಬರ್ ಹೊದಿಕೆಯನ್ನು ಬೆರಳಿಂದ ಸ್ವಲ್ಪ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಹೋದಂತೆ. ಬರೀ ಹೊಸ ವಾಷರ್ ಹಾಕಿದರೆ ಸಾಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ಸಿಲಿಂಡರಿನ ಒಳಮೈ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಹೊಸ ವಾಷರ್ ಒಂದು ಮಳೆಗಾಲವೂ ಬಾಳುವುದಿಲ್ಲ. ಹೊಸ ಸಿಲಿಂಡರ್ ಸಿಗದಿದ್ದರೆ ಒಳ್ಳೇ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಹಾಕಿಸಿ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಪಂಪ್‌ಸೆಟ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಲಸ ಮಾಡಿ ಕೈ ಪಳಗಿದ ಲೇತಿನವರಿಗೆ ಇದು ದೊಡ್ಡ ಕೆಲಸವಲ್ಲ.

ಬ್ರೇಕಿನ ರಬ್ಬರ್ ಹೋಸುಗಳನ್ನು, ಹೊರಗಿಂದ ಎಷ್ಟೇ ಚೆನ್ನಾಗಿ ಕಂಡರೂ, ಬದಲಿಸಿ. ಒಳಗೆ ಊದಿಕೊಂಡ ಹೋಸಿನಲ್ಲಿ ಆಯಿಲ್ ಒತ್ತಡಕ್ಕೆ ಮುಂದೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಕಾಲು ತೆಗೆದ ಮೇಲೂ ಒಂದು ಚಕ್ರ ಹಿಡಿದೇ ಇರುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಡ್ರಮ್ ಮಾತ್ರ ಸುಡುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಕೇಳುವುದೇ ಬೇಡ. ನೀರು ಸೇರಿದ ಆಯಿಲ್ ಘಾಟಿ ಇಳಿಯುವ ಬಿಸಿಗೆ ಕುದಿದು ಆವಿಯಾಗುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಪುಸ್ತಕದಲ್ಲಿ ಎರಡು ವರ್ಷ ಎಂದಿದ್ದರೂ ಮಲೆನಾಡಿನವರು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ ಬದಲಿಸುವುದು ಲೇಸು.

ಇನ್ನೊಂದು ಪರೀಕ್ಷೆ ಬಹಳ ಮಂದಿಗೆ ಗೊತ್ತಿಲ್ಲ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದು ಅರ್ಧಚಂದ್ರಾಕಾರದ ಎರಡು ಸಣ್ಣ ಥ್ರಸ್ಟ್ ವಾಷರುಗಳು. ಸವೆದರೆ ಅವು ಜಾಗ ಬಿಟ್ಟು ಕೆಳಗಿನ ಸಂಪ್‌ಗೆ (ಆಯಿಲ್ ನಿಲ್ಲುವ ತೊಟ್ಟಿ) ಬೀಳುತ್ತವೆ. ಆಮೇಲೆ ಕ್ರ್ಯಾಂಕ್ ನೇರವಾಗಿ ಬ್ಲಾಕನ್ನೇ ತಿನ್ನುತ್ತದೆ. ನೋಡುವುದು ಸುಲಭ. ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಮುಂದಿನ ಪುಲ್ಲಿಯ ಮೇಲೆ ಕಣ್ಣಿಡಿ. ಇನ್ನೊಬ್ಬರು ಒಳಗೆ ಕೂತು ಕ್ಲಚ್ ಒತ್ತಿ ಬಿಡಲಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ಬಂದು ಹಿಂದಕ್ಕೆ ಹೋದರೆ ಕಾರನ್ನು ಅಲ್ಲೇ ನಿಲ್ಲಿಸಿ, ಸಂಪ್ ಬಿಚ್ಚಿಸಿ. ವಾಷರ್ ಬದಲಿಸಲು ಎಂಜಿನ್ ಇಳಿಸಬೇಕಿಲ್ಲ. ಕ್ಲಚ್ ಒತ್ತಿದಾಗಲೆಲ್ಲ ಭಾರ ಬೀಳುವುದು ಈ ವಾಷರಿನ ಮೇಲೇ. ಹಾಗಾಗಿ ಸಿಗ್ನಲ್ಲಿನಲ್ಲಿ, ರೈಲ್ವೆ ಗೇಟಿನಲ್ಲಿ ಗೇರ್ ಹಾಕಿ ಕ್ಲಚ್ ಒತ್ತಿಕೊಂಡು ಕೂರುವ ಅಭ್ಯಾಸ ಬಿಡಿ. ನ್ಯೂಟ್ರಲ್ ಮಾಡಿ.

ಟ್ರನ್ನಿಯನ್: ಗ್ರೀಸ್ ಅಲ್ಲ, ಆಯಿಲ್

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುತ್ತೀರಾದರೆ ಇದನ್ನು ಇಟ್ಟುಕೊಳ್ಳಿ. ಮುಂದಿನ ಚಕ್ರ ತಿರುಗುವ ಕಂಬದ ಕೆಳತುದಿ, ಟ್ರನ್ನಿಯನ್ ಎಂಬ ಹಿತ್ತಾಳೆ ಬಣ್ಣದ ತುಂಡಿನೊಳಗೆ ತಿರುಪಿನ ಹಾಗೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪಿನ ಮರೆ (ಸುತ್ತುಗೆರೆ) ಉಜ್ಜುತ್ತದೆ. ಅದಕ್ಕೆ ಕಂಪನಿ ಹೇಳಿದ್ದು ಗೇರ್ ಆಯಿಲ್, ಇಪಿ 90. ನಮ್ಮಲ್ಲಿ ನಿಪ್ಪಲ್ ಕಂಡ ಕಡೆಗೆಲ್ಲ ಗ್ರೀಸ್ ಗನ್ ಹಿಡಿಯುವುದು ರೂಢಿ. ಗ್ರೀಸ್ ಒಳಗೆ ಗಟ್ಟಿಯಾಗಿ ಕೂತು ಮೇಲಿನ ಮರೆಗೆ ತಲುಪುವುದೇ ಇಲ್ಲ. ಅಲ್ಲಿ ನೀರು ಸೇರಿ ತುಕ್ಕು ಹಿಡಿದು ಕಂಬ ತುಂಡಾದರೆ ಮುಂದಿನ ಚಕ್ರ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹೀಗಾಗುವುದು ನಿಧಾನಕ್ಕೆ ಸ್ಟೀರಿಂಗ್ ಪೂರ್ತಿ ತಿರುಗಿಸುವಾಗ, ಅದೊಂದು ಪುಣ್ಯ. ಘಾಟಿಯ ತಿರುವಿನಲ್ಲಾದರೆ ಆ ಪುಣ್ಯವೂ ಇಲ್ಲ.

1. ಮುಂಭಾಗ ಜಾಕ್ ಹಾಕಿ ಎತ್ತಿ, ಕಲ್ಲಲ್ಲ, ಸರಿಯಾದ ಸ್ಟ್ಯಾಂಡ್ ಕೊಡಿ. ಚಕ್ರ ತೂಗಾಡುತ್ತಿರಲಿ.
2. ಟ್ರನ್ನಿಯನ್ನಿನಲ್ಲಿ ಸಣ್ಣ ಪ್ಲಗ್ ಇರುತ್ತದೆ. ಸುತ್ತಲಿನ ಕೆಂಪು ಮಣ್ಣನ್ನು ಬ್ರಷ್ಷಿನಿಂದ ಪೂರ್ತಿ ಕೆರೆದು ಆಮೇಲೆ ಬಿಚ್ಚಿ, ನಿಪ್ಪಲ್ ಹಾಕಿ.
3. ಗ್ರೀಸ್ ತೊಳೆದು ತೆಗೆದ ಗನ್ನಿಗೆ ಇಪಿ 90 ತುಂಬಿ ಒತ್ತಿ. ಒತ್ತುತ್ತಾ ಇನ್ನೊಬ್ಬರ ಕೈಲಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ.
4. ಮೇಲಿನ ರಬ್ಬರ್ ಸೀಲಿನಿಂದ ಆಯಿಲ್ ಒಸರಬೇಕು. ಮೊದಲು ಕಪ್ಪಗೆ, ಕೆಲವೊಮ್ಮೆ ಕೆಂಪಗೆ ಬರುತ್ತದೆ. ತಿಳಿಯಾಗುವವರೆಗೆ ಒತ್ತಿ.
5. ಎಷ್ಟು ಒತ್ತಿದರೂ ಮೇಲೆ ಬರದಿದ್ದರೆ ಒಳಗೆ ಹಳೇ ಗ್ರೀಸ್ ಕಟ್ಟಿದೆ ಎಂದರ್ಥ. ಬಿಚ್ಚಿಸಿ ತೊಳೆಸುವುದು ಬಿಟ್ಟು ಬೇರೆ ದಾರಿ ಇಲ್ಲ.

ಕಂಪನಿ ಹೇಳಿದ್ದು 6,000 ಮೈಲಿಗೊಮ್ಮೆ. ಅದು ಇಂಗ್ಲೆಂಡಿನ ಟಾರು ರಸ್ತೆಗೆ. ತೋಟದ ದಾರಿಯಲ್ಲಿ ಕೆಸರು ಮೆಟ್ಟುವ ಕಾರಿಗೆ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಡಿ. ಒಂದು ಡಬ್ಬಿ ಗೇರ್ ಆಯಿಲ್ ವರ್ಷಗಟ್ಟಲೆ ಬರುತ್ತದೆ. ಗ್ಯಾರೇಜಿನಲ್ಲಿ ಬಿಡುವಾಗ "ಮುಂದಿನ ನಿಪ್ಪಲ್‌ಗೆ ಗ್ರೀಸ್ ಹೊಡೀಬೇಡಿ ಅಣ್ಣಾ" ಎಂದು ಬಾಯಲ್ಲಿ ಹೇಳಿ, ಒಂದು ಚೀಟಿಯನ್ನೂ ಅಂಟಿಸಿ. ಅವರು ಒಳ್ಳೇ ಮನಸ್ಸಿನಿಂದಲೇ ಹೊಡೆದುಬಿಡುತ್ತಾರೆ.

ರಬ್ಬರು ಮತ್ತು ಈಗಿನ ಪೆಟ್ರೋಲು

ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೇ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ (ಒಳಗಿನ ಪರದೆ), ಕಾರ್ಬುರೇಟರಿನ ಪ್ಯಾಕಿಂಗು ಇದಕ್ಕೆ ಹೇಳಿ ಮಾಡಿಸಿದವಲ್ಲ. ಮೆತ್ತಗಾಗಿ, ಊದಿ, ಕೊನೆಗೆ ಉದುರುತ್ತವೆ. ಫಿಲ್ಟರಿನಲ್ಲಿ ಕಪ್ಪು ಪುಡಿ ಕಂಡರೆ ಅದು ಟ್ಯಾಂಕಿನ ಕೊಳೆಯಲ್ಲ, ಪೈಪಿನ ಒಳಮೈ.

ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಇರುವ ಅಷ್ಟೂ ರಬ್ಬರ್ ಪೈಪನ್ನು ಒಂದೇ ದಿನ ಬದಲಿಸಿ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರಲಿ. ಸಾದಾ ಪೈಪಿಗಿಂತ ದುಬಾರಿ, ಆದರೆ ಬೇಕಾಗುವುದು ಹೆಚ್ಚೆಂದರೆ ಒಂದೆರಡು ಮೀಟರು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಕಾರೇ ಹೋಗುತ್ತದೆ, ಇಲ್ಲಿ ಚೌಕಾಸಿ ಬೇಡ. ಡಯಾಫ್ರಾಮ್ ಕೊಳ್ಳುವಾಗಲೂ ಎಥನಾಲ್ ತಡೆಯುವಂಥದ್ದೇ ಎಂದು ಕೇಳಿ ತಗೊಳ್ಳಿ.

ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನ ಕಾರನ್ನು ಜುಲೈ ಪೂರ್ತಿ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ಪೆಟ್ರೋಲಿಗೆ ಸೇರುತ್ತದೆ. ನೀರು ಹೆಚ್ಚಾದಾಗ ಎಥನಾಲ್ ಸಮೇತ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಎಂಜಿನ್ನಿಗೆ ಮೊದಲು ಹೋಗುವುದೂ ಅದೇ. ಪಂಪಿಗೆ ಗಾಜಿನ ಬಟ್ಟಲಿದ್ದರೆ ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ. ತಳದಲ್ಲಿ ಬೇರೆಯೇ ಪದರ ಅಥವಾ ಹೊರಳಾಡುವ ಹನಿ ಕಂಡರೆ ಬಟ್ಟಲು ಬಿಚ್ಚಿ ಚೆಲ್ಲಿ ಒರೆಸಿ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಯೇ ಇಡಿ.

ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೇ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಏರಿನಲ್ಲಿ ತಡವರಿಸುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಪ್ಲಗ್ ಬಿಚ್ಚಿ ನೋಡಿ, ತುದಿ ಬೆಳ್ಳಗೆ ಸುಟ್ಟಂತಿದ್ದರೆ ಒಂದು ಸೈಜ್ ದೊಡ್ಡ ಜೆಟ್ ಹಾಕಿಸಿ. ತಿಳಿ ಕಂದು ಬಣ್ಣ ಬಂದರೆ ಸರಿಯಾಯಿತು.

ಸೀಸದ ಪೆಟ್ರೋಲ್ 2000ದಲ್ಲೇ ನಮ್ಮ ದೇಶದಲ್ಲಿ ನಿಂತಿತು. ಅದಿಲ್ಲದೆ ಹಳೇ ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್ ಸೀಟು ನಿಧಾನಕ್ಕೆ ಸವೆಯುತ್ತದೆ. ಇದಕ್ಕೆಂದೇ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಿಸಬೇಡಿ. ಬೇರೆ ಕಾರಣಕ್ಕೆ ಬಿಚ್ಚಿದಾಗ ಗಟ್ಟಿ ಸೀಟ್ ರಿಂಗ್ ಕೂರಿಸಿಬಿಡಿ.

ಆಯಿಲು, ನೀರು

ಎಂಜಿನ್ ಆಯಿಲ್ 20ಡಬ್ಲ್ಯು-50, ಮಿನರಲ್. ದುಬಾರಿ ತೆಳ್ಳನೆ ಸಿಂಥೆಟಿಕ್ ಹಾಕಿದರೆ ಹಳೇ ಸೀಲುಗಳ ಸಂದಿನಿಂದ ನೆಲಕ್ಕೆ ಹೋಗುತ್ತದೆ. ಐದು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಿ.

ಚಳಿಗಾಲದ ಬೆಳಿಗ್ಗೆ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಹಾಲಿನ ಕೆನೆಯಂಥದ್ದು ಮೆತ್ತಿರುವುದು ನಮ್ಮ ಕಡೆ ಮಾಮೂಲು. ಗ್ಯಾರೇಜಿನಲ್ಲಿ ಇದನ್ನು ನೋಡಿದ ಕೂಡಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್" ಎನ್ನುತ್ತಾರೆ. ಒಪ್ಪುವ ಮುಂಚೆ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ. ಅದರಲ್ಲಿ ಆಯಿಲ್ ತಿಳಿಯಾಗಿದ್ದು, ರೇಡಿಯೇಟರಿನ ನೀರೂ ಇಳಿಯದಿದ್ದರೆ ಗ್ಯಾಸ್ಕೆಟ್ ಇರಲಾರದು. ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಹೋಗಿ ಬಂದು ನಿಲ್ಲಿಸುವ ಕಾರಿನಲ್ಲಿ ಎಂಜಿನ್ ಪೂರ್ತಿ ಬಿಸಿಯೇರುವುದಿಲ್ಲ, ಒಳಗೆ ಕಟ್ಟಿದ ಇಬ್ಬನಿ ಆವಿಯಾಗಿ ಹೊರಬೀಳುವುದಿಲ್ಲ. ಅದಕ್ಕೆ ಮದ್ದು ಉದ್ದನೆಯ ಓಟ. ಚಿಕ್ಕಮಗಳೂರಿನಿಂದ ಬೇಲೂರಿಗೆ ಹೋಗಿ ಬನ್ನಿ, ಅರ್ಧ ಕೆನೆ ಮಾಯ. ವಾರಕ್ಕೆ ಎರಡು ಸಲವಾದರೂ ಅಷ್ಟು ದೂರ ಓಡುವ ಕಾರಿಗೆ ಕಾಯಿಲೆ ಕಡಿಮೆ. ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು ಆಫ್ ಮಾಡುವುದು ಎಂಜಿನ್ನಿಗೆ ಉಪಕಾರವಲ್ಲ, ತೇವ ಸೇರಿಸುವ ಕೆಲಸ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಕೂಲೆಂಟ್ ಬೆರೆಸಿ ಹಾಕಿ. ಎಂಜಿನ್ ಬಿಸಿಯೇರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ಕಿತ್ತುಹಾಕುವ ಚಟ ನಮ್ಮ ಮೆಕ್ಯಾನಿಕ್ಕುಗಳಿಗೆ ಬಹಳ. ಹಾಸನ, ಚಿಕ್ಕಮಗಳೂರಿನ ಚಳಿಗೆ ಅದು ಇರಲೇಬೇಕು, ಇಲ್ಲದಿದ್ದರೆ ಮೇಲೆ ಹೇಳಿದ ಕೆನೆ ಇನ್ನೂ ಹೆಚ್ಚುತ್ತದೆ. ಕಾರು ಏರಿನಲ್ಲಿ ಬಿಸಿಯಾದರೆ ತಪ್ಪು ಸಾಮಾನ್ಯವಾಗಿ ಕಟ್ಟಿಕೊಂಡ ರೇಡಿಯೇಟರಿನದ್ದು ಅಥವಾ ಸಡಿಲ ಬೆಲ್ಟಿನದ್ದು.

ವೈರಿಂಗ್

ಹಳೇ ಬ್ರಿಟಿಷ್ ಕಾರಿನ ವೈರಿಂಗ್ ಬಗ್ಗೆ ಜೋಕುಗಳಿಗೆ ಬರವಿಲ್ಲ. ಅರ್ಧಕ್ಕರ್ಧ ತೊಂದರೆ ಅರ್ತಿನದ್ದು, ಅಂದರೆ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯದ್ದು. ಎಂಜಿನ್ನಿಂದ ಚಾಸಿಗೆ, ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಗಳನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಎಂಜಿನ್ನಿನ ಅರ್ತ್ ಕಿತ್ತುಹೋಗಿದ್ದರೆ ಸೆಲ್ಫ್ ಹೊಡೆದಾಗ ಕರೆಂಟು ಚೋಕ್ ಕೇಬಲ್ಲಿನ ಮೂಲಕ ದಾರಿ ಹುಡುಕಿಕೊಂಡು ಅದನ್ನು ಸುಡುತ್ತದೆ. ಚೋಕ್ ಕೇಬಲ್ ಬಿಸಿಯಾಯಿತೆಂದು ಹೊಸ ಕೇಬಲ್ ಹಾಕಿಸಿದರೆ ಅದೂ ಸುಡುತ್ತದೆ.

ಇನ್ನೊಂದು ಎಚ್ಚರ. ಈ ಕಾಲದ ಕೆಲವು ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ. ಎಲೆಕ್ಟ್ರಾನಿಕ್ ಸಾಮಾನು ಏನೇ ಕೂರಿಸುವ ಮುನ್ನ ನೋಡಿಕೊಳ್ಳಿ.

ಮಳೆಯ ರಾತ್ರಿ ಹೆಡ್‌ಲೈಟು, ವೈಪರು ಎರಡೂ ಹಾಕಿದರೆ ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೊ ಸೋಲುತ್ತದೆ. ಕೊಟ್ಟಿಗೆಹಾರದ ಮಂಜಿನಲ್ಲಿ ಬ್ಯಾಟರಿ ಇಳಿಯುತ್ತಾ ಹೋಗುವುದನ್ನು ನೋಡುತ್ತಾ ಕೂರುವ ಬದಲು ಸಣ್ಣ ಆಲ್ಟರ್ನೇಟರ್ ಹಾಕಿಸಿ. ಮಾರುತಿ 800ರದ್ದು ಹಳೇ ಕಾರುಗಳಿಗೆ ಬ್ರ್ಯಾಕೆಟ್ ಮಾಡಿ ಕೂರಿಸುವುದು ರೂಢಿಯಲ್ಲಿದೆ. ಒರಿಜಿನಲ್ಲೇ ಇರಬೇಕು ಎನ್ನುವವರು ಬೈಯುತ್ತಾರೆ, ಬೈಯಲಿ. ಹೆಡ್‌ಲೈಟಿಗೆ ರಿಲೇ, ಫ್ಯೂಸ್ ಕೂಡ ಅದೇ ದಿನ ಹಾಕಿಸಿ.

ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗಾಗಿ ಕರೆಂಟು ಕಡಿಯುವ ಪಾಯಿಂಟಿನ ಗ್ಯಾಪ್ 0.015 ಇಂಚು, ಪ್ಲಗ್ಗಿನದ್ದು 0.025 ಇಂಚು. ಫೀಲರ್ ಗೇಜ್ ನೀವೇ ಕೊಂಡು ಕಲಿಯಿರಿ, ಕಷ್ಟವಿಲ್ಲ. ಪಾಯಿಂಟಿನ ಜೊತೆ ಕೂರುವ ಕಂಡೆನ್ಸರುಗಳಲ್ಲಿ ಈಗ ಸಿಗುವ ಹೊಸವನ್ನು ನಂಬುವಂತಿಲ್ಲ. ಚೆನ್ನಾಗಿ ಓಡುತ್ತಿರುವ ಹಳೆಯದನ್ನು ಸುಮ್ಮನೆ ಬದಲಿಸಲು ಹೋಗಬೇಡಿ. ಆಷಾಢದ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗೆ ಒಣ ಬಟ್ಟೆಯಿಂದ ಒರೆಸಿ. ಬಹಳ ಸಲ ಅಷ್ಟೇ ಸಾಕು.

ಶೆಡ್ಡು, ಇಲಿ, ತುಕ್ಕು

ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ. ಗಾಳಿಯಾಡುವ ಮಾಡು ಸಾಕು. ಮಳೆಗಾಲದಲ್ಲಿ ಅಡಿಭಾಗಕ್ಕೆ ನೀರು ಹೊಡೆದು ಚಾಸಿಯ ಮೂಲೆಗಳಲ್ಲಿ ಕೂತ ಕೆಸರು ತೆಗೆಯಿರಿ. ಬಾಗಿಲಿನ ಕೆಳಗಿನ ನೀರು ಹೋಗುವ ತೂತುಗಳನ್ನು ಕಡ್ಡಿಯಿಂದ ಚುಚ್ಚಿ ಬಿಡಿಸಿ. ಇಲಿ ವೈರ್ ಕಡಿಯುವುದಕ್ಕೆ ಜನ ಹೊಗೆಸೊಪ್ಪು, ನುಸಿಗುಳಿಗೆ ಏನೇನೋ ಇಡುತ್ತಾರೆ. ದಿನಾ ಬಾನೆಟ್ ಎತ್ತಿ ನೋಡುವವರ ಕಾರಿನಲ್ಲಿ ಗೂಡು ಕಟ್ಟುವುದು ಕಡಿಮೆ. ಹೆರಾಲ್ಡಿನ ಇಡೀ ಮುಂಭಾಗವೇ ಮೇಲಕ್ಕೆದ್ದು ಎಂಜಿನ್ ಸುತ್ತ ನಿಂತು ಕೆಲಸ ಮಾಡಲು ಬರುತ್ತದೆ, ಈ ಸೌಕರ್ಯ ಈಗಿನ ಯಾವ ಕಾರಿನಲ್ಲೂ ಇಲ್ಲ.

ಕಾಗದ

ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಒದಲ್ಲಿ ಕಾರು ತೋರಿಸಿ ನವೀಕರಿಸಬೇಕು. ಹೋಗುವ ಮುಂಚೆ ಚಾಸಿ ನಂಬರಿನ ಮೇಲಿನ ಬಣ್ಣ, ಕೊಳೆ ತೆಗೆದು ಓದುವಂತೆ ಮಾಡಿ. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯೂ ಉಂಟು, 'ವಿಎ' ಅಕ್ಷರದ ನಂಬರ್ ಸಿಗುತ್ತದೆ. ಹೆಮ್ಮೆಗೆಂದು ಅದನ್ನು ಮಾಡಿಸಿಕೊಂಡರೆ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಬಳಕೆಗೆ ಅನುಮತಿ ಇಲ್ಲ. ಓಡಿಸುವ ಆಸೆ ಇದ್ದವರು ಮಾಮೂಲಿ ನೋಂದಣಿಯನ್ನೇ ಉಳಿಸಿಕೊಳ್ಳಿ. ಇನ್ಶೂರೆನ್ಸಿನಲ್ಲಿ ಐದು ವರ್ಷ ದಾಟಿದ ಕಾರಿನ ಬೆಲೆ ಕಂಪನಿ ಮತ್ತು ನೀವು ಒಪ್ಪಿದಷ್ಟು. ಫೋಟೊ, ಖರ್ಚಿನ ಬಿಲ್ಲು ಇಟ್ಟುಕೊಂಡು ಮಾತಾಡಿ.

ಘಾಟಿಯಲ್ಲಿ

ಹೆರಾಲ್ಡ್, ಸ್ಪಿಟ್‌ಫೈರ್ ಎರಡರ ಹಿಂದಿನ ಚಕ್ರಗಳೂ ಸ್ವಿಂಗ್ ಆಕ್ಸಲ್ಲಿನವು, ಅಂದರೆ ಎರಡೂ ಕಡೆಯ ಆಕ್ಸಲ್ ಬೇರೆಬೇರೆಯಾಗಿ ಮೇಲೆ ಕೆಳಗೆ ತೂಗುತ್ತದೆ, ಚಕ್ರವೂ ಅದರ ಜೊತೆ ವಾಲುತ್ತದೆ. ತಿರುವಿನಲ್ಲಿ ಜೋರಾಗಿ ನುಗ್ಗಿ, ಹೆದರಿ, ಆಕ್ಸಿಲರೇಟರ್ ಥಟ್ಟನೆ ಬಿಟ್ಟರೆ ಹಿಂಭಾಗ ಮೇಲೆದ್ದು ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ. ಚಾರ್ಮಾಡಿಯ ಹೇರ್‌ಪಿನ್‌ಗಳಲ್ಲಿ ಬ್ರೇಕು, ಗೇರು ಎಲ್ಲ ತಿರುವಿಗೆ ಮುಂಚೆಯೇ ಮುಗಿಸಿ. ಒಳಹೊಕ್ಕ ಮೇಲೆ ಆಕ್ಸಿಲರೇಟರ್ ಒಂದೇ ಸಮ ಇರಲಿ. ಹಿಂದಿನ ಟೈರುಗಳಲ್ಲಿ ಮುಂದಿನವಕ್ಕಿಂತ ಗಾಳಿ ಹೆಚ್ಚಿರಬೇಕು. ಪಂಚರ್ ಅಂಗಡಿಯವರು ನಾಲ್ಕಕ್ಕೂ ಒಂದೇ ಹಾಕುತ್ತಾರೆ, ನಿಂತು ಹೇಳಿ ಹಾಕಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೇಲ್ಮೈಯ ಗುಂಡಿಗಳು (ಹಿಡಿತದ ಉಬ್ಬುಗಳು) ಸವೆಯದಿದ್ದರೂ ವಯಸ್ಸಾದ ಟೈರ್ ಒದ್ದೆ ರಸ್ತೆಯಲ್ಲಿ ಜಾರುತ್ತದೆ.

ಇಳಿಯುವಾಗ, ಅದೇ ದಾರಿ ಹತ್ತಲು ಯಾವ ಗೇರ್ ಬೇಕೋ ಅದರಲ್ಲೇ ಇಳಿಯಿರಿ. ನೀರು ನಿಂತ ಕಡೆ ದಾಟಿದ ಕೂಡಲೇ ಪೆಡಲನ್ನು ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಹೋಗಿ ಡ್ರಮ್ ಒಣಗಿಸಿ. ಶಿರಾಡಿಯಲ್ಲಿ ಲಾರಿಯ ಹಿಂದೆ ತೆವಳುತ್ತಾ ಹತ್ತುವಾಗ ಫಸ್ಟ್ ಗೇರ್ ಬೇಕಾದರೆ ಡಬಲ್ ಕ್ಲಚ್ ಮಾಡಿ (ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುವುದು) ಅಥವಾ ಪೂರ್ತಿ ನಿಂತು ಹಾಕಿ, ಹಲ್ಲುಗಳ ವೇಗ ಸರಿಹೊಂದಿಸುವ ಸಿಂಕ್ರೊ ಆ ಗೇರಿಗೆ ಇಲ್ಲ. ಬಿಸಿಯಾದರೆ ಪಕ್ಕಕ್ಕೆ ಹಾಕಿ ಕಾಯಿರಿ, ರೇಡಿಯೇಟರಿನ ಕ್ಯಾಪ್ ಮುಟ್ಟಬೇಡಿ.

ಡಿಕ್ಕಿಯಲ್ಲಿ ಇರಬೇಕಾದ್ದು

ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಓಡಿಸಿ ನೋಡಿದ ಹಳೇ ಕಂಡೆನ್ಸರ್, ರೋಟರ್, ಒಂದು ಪ್ಲಗ್, ಎರಡು ಅಳತೆಯ ಹೋಸ್ ಕ್ಲಿಪ್, ಪೆಟ್ರೋಲ್ ಪೈಪಿನ ತುಂಡು, ವೈರು, ಇನ್ಸುಲೇಷನ್ ಟೇಪು, ಐದು ಲೀಟರ್ ನೀರು, ಒಂದು ಲೀಟರ್ ಆಯಿಲ್, ಬೆಂಕಿ ನಂದಿಸುವ ಸಣ್ಣ ಸಿಲಿಂಡರ್. ಸ್ಪ್ಯಾನರುಗಳು ಇಂಚಿನ ಅಳತೆಯವಿರಲಿ. ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳು ಹೋಗುತ್ತವೆ.

ಬಿಡಿಭಾಗಕ್ಕೆ ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ, ಹಳೇ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಅಲ್ಲಿ ಸಿಗದ ಟ್ರನ್ನಿಯನ್, ಥ್ರಸ್ಟ್ ವಾಷರ್, ಸೀಲುಗಳು ಸ್ಪಿಟ್‌ಫೈರ್ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಇನ್ನೂ ಹೊಸದಾಗಿ ತಯಾರಾಗುತ್ತವೆ. ಕಸ್ಟಮ್ಸ್ ಸುಂಕ, ಸಾಗಣೆ ಎರಡೂ ಬೀಳುವುದರಿಂದ ಒಂದೊಂದೇ ತರಿಸಬೇಡಿ. ಸ್ಪಿಟ್‌ಫೈರಿಗೆ ಬೇರೆಬೇರೆ ವರ್ಷ ಬೇರೆಬೇರೆ ಎಂಜಿನ್ ಹಾಕಿದ್ದಾರೆ, ನಮ್ಮ ಹೆರಾಲ್ಡಿನದ್ದು 948 ಸಿಸಿ. ಆರ್ಡರ್ ಕೊಡುವಾಗ ಎಂಜಿನ್ ನಂಬರ್, ಚಾಸಿ ನಂಬರ್ ಬರೆದು, ಹಳೇ ತುಂಡಿನ ಅಳತೆ ತೆಗೆದು ಫೋಟೊ ಜೊತೆ ಕಳಿಸಿ.